ಸದರಿ ಹುಳುವಿನ ವರ್ಗಾವಣೆ

ನಮ್ಮ ಭಾವ ಬದುಕಿನಲ್ಲಿ ಹೇಳಿದ ಸುಳ್ಳು ಒಂದೇ ಒಂದು. ಅದೂ ಪೂರ್ತಿ ಸುಳ್ಳಲ್ಲ, ಒಂದಕ್ಷರದ ಸುಳ್ಳು. ಆ ಅಕ್ಷರ ಟೈಪು ಮಾಡಿದವನು ನಾನು. ಆದ್ದರಿಂದ ಈ ಕಥೆ ಹೇಳುವ ಅಧಿಕಾರ ನನಗಿದೆ, ಬೈಸಿಕೊಳ್ಳುವ ಅರ್ಹತೆಯೂ ಇದೆ.

ಭಾವ ಎಂದರೆ ನಮ್ಮಕ್ಕನ ಗಂಡ. ನೀರು ಸರಬರಾಜು ಕಚೇರಿಯಲ್ಲಿ ಅವರ ಹುದ್ದೆ 'ಶೋಧಕ ಸಹಾಯಕ'. ಹೆಸರು ಕೇಳಿ ಬೆರಗಾಗಬೇಡಿ. ಶೋಧಕ ಎಂದರೆ ಮರಳು ಹಾಸಿದ ದೊಡ್ಡ ತೊಟ್ಟಿ. ನೀರು ಆ ಮರಳಿನಲ್ಲಿ ಸೋಸಿಕೊಂಡು ಊರಿಗೆ ಹೋಗುತ್ತಿತ್ತು. ಆ ತೊಟ್ಟಿಗೆ ಭಾವ ಸಹಾಯಕ. ಪಾಚಿ ಕೆರೆಯುವುದು, ವಾಲ್ವು ತಿರುಗಿಸುವುದು, ದಿನಕ್ಕೆರಡು ಸಲ ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿ ರಿಜಿಸ್ಟರಿನಲ್ಲಿ 'ತಿಳಿಯಾಗಿದೆ' ಎಂದು ಬರೆಯುವುದು. ಹದಿನಾಲ್ಕು ವರ್ಷ ಅವರು ಬರೆದ ಸಾಹಿತ್ಯವೆಲ್ಲ ಆ ಒಂದೇ ಪದ.

ತೊಟ್ಟಿಯಿಂದ ನೂರು ಹೆಜ್ಜೆಗೆ ಕ್ವಾರ್ಟರ್ಸು. ಎರಡು ಕೋಣೆ, ಸಿಮೆಂಟು ನೆಲ, ಹಿಂದೆ ಒಂದು ಅಂಗಳ. ಗೋಡೆಗೆ ಕಿವಿಯಿಟ್ಟರೆ ಪಂಪಿನ ಧಡ್ ಧಡ್ ಕೇಳುತ್ತಿತ್ತು. ಟವೆಲ್ಲಿಗೆ, ದಿಂಬಿಗೆ, ನಮ್ಮ ತಲೆಕೂದಲಿಗೆ ಕ್ಲೋರಿನ್ ವಾಸನೆ. ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ. ಅದೇ ಕಚೇರಿಯಲ್ಲಿ ಟೈಪಿಸ್ಟಾಗಿದ್ದ ನಾನು ಮೂರು ಹೊತ್ತೂ ಅಲ್ಲೇ ಉಣ್ಣುತ್ತಿದ್ದೆನಲ್ಲ, ಮನೆ ತುಂಬಲು ಅಷ್ಟು ಸಾಕಾಗಿತ್ತು. ಇವತ್ತಿಗೂ ಎಲ್ಲಾದರೂ ಕ್ಲೋರಿನ್ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

ಅಕ್ಕನ ಮದುವೆಯಾಗಿ ಹದಿನಾಲ್ಕು ವರ್ಷ, ಅಷ್ಟರಲ್ಲಿ ಏಳು ವರ್ಗ. ವರ್ಗ ಅಂದರೆ ಸರ್ಕಾರಿ ನೌಕರನ ಹೆಂಡತಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರೆ ಸುತ್ತು, ಟ್ರಂಕು ತುಂಬು, ಹಗ್ಗ ಬಿಗಿ. ಒಂದೂರಿನ ಹಾಲಿನವನು ಹೇಳಿದ ಹೊತ್ತಿಗೆ ಬರುವುದನ್ನು ಕಲಿಯುವಷ್ಟರಲ್ಲಿ ಇನ್ನೊಂದೂರು. ಏಳನೆಯ ವರ್ಗವಾಗಿ ಈ ಮನೆಗೆ ಬಂದ ದಿನ ಅಕ್ಕ ಭಾವನನ್ನು ಎದುರಿಗೆ ಕೂರಿಸಿಕೊಂಡು, "ರೀ, ಇದೇ ಕೊನೆ. ಇನ್ನೊಂದ್ಸಲ ಟ್ರಂಕು ಕಟ್ಟು ಅಂದ್ರೆ ನನ್ನ ಕೈಲಾಗಲ್ಲ" ಅಂದಳು. ಭಾವ, "ಆಯ್ತು ಮಾರಾಯ್ತಿ, ಇದೇ ಕೊನೆ" ಅಂದರು, ವರ್ಗ ಮಾಡುವವರು ತಾವೇ ಎಂಬ ಧಾಟಿಯಲ್ಲಿ. ಅಕ್ಕ ಟ್ರಂಕಿನ ಹಗ್ಗ ತೆಗೆದು ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿದಳು. ಏಳೂರು ಸುತ್ತಿದ ಹಗ್ಗ ಆರು ವರ್ಷ ಭಾವನ ಬನಿಯನ್ನು ಹೊತ್ತು ನೆಮ್ಮದಿಯಾಗಿತ್ತು.

ಹೀಗಿರುವಾಗ ಹುಳ ಬಂತು.

ಭಾವನಿಗೆ ಅದು ಸಿಕ್ಕಿದ್ದು ಸೋಸಿದ ನೀರು ಹೊರಬರುವ ಕಾಲುವೆಯಲ್ಲಿ, ಒಂದು ಕಲ್ಲಿನ ಅಡಿಯಲ್ಲಿ. ಕಿರುಬೆರಳಿನ ಉಗುರಿನಷ್ಟು ಉದ್ದ, ಕಾಗದದಷ್ಟು ತೆಳ್ಳಗೆ, ಕಂದು ಬಣ್ಣ. ಚಪ್ಪಟೆಹುಳು. ತಲೆಯ ಮೇಲೆ ಎರಡು ಕಣ್ಣು, ಎರಡೂ ಒಂದರ ಕಡೆಗೊಂದು ತಿರುಗಿ ಅಪ್ಪಟ ಮೆಳ್ಳೆಗಣ್ಣು.

"ನೋಡೋ ನೋಡೋ, ಸಾಹೇಬ್ರು ರಜೆ ಚೀಟಿ ನೋಡೋ ಥರಾನೇ ನೋಡ್ತಿದೆ!" ಅಂದರು ಭಾವ. ಆ ಕ್ಷಣದಿಂದ ಅವರಿಗೆ ಅದರ ಮೇಲೆ ಜೀವ.

ಅಡುಗೆಮನೆಗೆ ಹೋಗಿ ಸಕ್ಕರೆ ಸೀಸೆ ಬರಿದು ಮಾಡಿ, ಸಕ್ಕರೆಯನ್ನು ಪೇಪರಿನಲ್ಲಿ ಕಟ್ಟಿಟ್ಟು, ಸೀಸೆಯಲ್ಲಿ ನೀರು ತುಂಬಿ ಹುಳ ಬಿಟ್ಟರು. ಅಕ್ಕನಿಗೆ ಹೇಳಲಿಲ್ಲ. ಸೀಸೆ ಒಡೆಯಿತು ಅಂತ ಅಕ್ಕ ಅಂದುಕೊಂಡಳು, ಒಡೆದದ್ದು ನಾನು ಅಂತಲೂ ಅಂದುಕೊಂಡಳು. ನಾನು ಭಾವನ ಮುಖ ನೋಡಿ ಬೈಸಿಕೊಂಡೆ.

ಆಮೇಲೆ ಶುರುವಾಯಿತು ವಿದ್ಯಾಭ್ಯಾಸ. ಭಾವ ಲೈಬ್ರರಿಯಿಂದ ರಟ್ಟು ಕಿತ್ತುಹೋದ ಒಂದು ಪ್ರಾಣಿಶಾಸ್ತ್ರದ ಪುಸ್ತಕ ತಂದರು. ಕಚೇರಿಯಲ್ಲಿ ಟೀ ಹೊತ್ತಿಗೆ ನನಗೆ ಪಾಠ. "ಕೇಳೋ ಇಲ್ಲಿ, ಇದರ ಬಾಯಿ ತಲೇಲಿಲ್ಲ, ಹೊಟ್ಟೆ ಮಧ್ಯದಲ್ಲಿದೆ! ಗಂಟಲನ್ನೇ ಹೊರಗೆ ಚಾಚಿ ತಿನ್ನುತ್ತೆ!" ನನ್ನ ಕೈಯ ಬಿಸ್ಕತ್ತು ಅಲ್ಲೇ ನಿಲ್ಲುತ್ತಿತ್ತು. ಶೇವಿಂಗ್ ಬ್ಲೇಡಿನಿಂದ ಒಂದು ಹುಳವನ್ನು ಎರಡು ತುಂಡು ಮಾಡಿದರು. ಎರಡು ವಾರದಲ್ಲಿ ತಲೆಗೆ ಬಾಲ ಬಂತು, ಬಾಲಕ್ಕೆ ತಲೆ ಬಂತು, ಆ ತಲೆಗೂ ಮೆಳ್ಳೆಗಣ್ಣು ಬಂತು. ಭಾವ ಆನಂದದಿಂದ ಎರಡು ದಿನ ವಾಲ್ವು ತಿರುಗಿಸುವುದನ್ನೇ ಮರೆತರು. ಊರಿನ ಅರ್ಧಕ್ಕೆ ನೀರು ಹೋಗಲಿಲ್ಲ.

ಪುಸ್ತಕದಲ್ಲಿ ವರ್ಗೀಕರಣದ ಒಂದು ಪಟ್ಟಿಯಿತ್ತು: ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಭಾವ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ತೊಂದರೆ ಬಂದದ್ದು ಕುಟುಂಬದ ಹತ್ತಿರ. ಮೈ ನೋಡಿದರೆ ಒಂದು ಕುಟುಂಬಕ್ಕೆ ಸೇರಬೇಕು, ಕಣ್ಣು ನೋಡಿದರೆ ಇನ್ನೊಂದಕ್ಕೆ. ಭಾವ ಮೈಯ ಕಡೆಗೇ ವಾಲಿದರು, ಆದರೂ ನಿದ್ದೆ ಕೆಟ್ಟಿತು. ಕೊನೆಗೆ ಪುಸ್ತಕ ಬರೆದ ಪ್ರೊಫೆಸರಿಗೇ ಕಾಗದ ಬರೆದು, ಜೊತೆಗೆ ಸಣ್ಣ ಸೀಸೆಯಲ್ಲಿ ಎರಡು ಹುಳ ಕಳಿಸುವುದೆಂದು ತೀರ್ಮಾನವಾಯಿತು.

ನಾನು ಟೈಪು ಮಾಡುತ್ತಾ ಹುದ್ದೆಯ ಹತ್ತಿರ ಬಂದಾಗ ಭಾವ ನನ್ನ ಕೈ ಹಿಡಿದರು.

"ಶೋಧಕ ಸಹಾಯಕ ಅಂತ ಹಾಕಿದ್ರೆ ಅಂಥ ದೊಡ್ಡ ಮನುಷ್ಯರು ಓದ್ತಾರೇನೋ? ಪಾಚಿ ಕೆರೆಯೋನು ಅಂತ ಗೊತ್ತಾಗಿಬಿಡುತ್ತೆ."

"ಶುರುವಿಗೆ ಒಂದು 'ಸಂ' ಹಾಕ್ಲಾ ಭಾವ?"

ಭಾವ ಕನ್ನಡಕ ತೆಗೆದು ಒರೆಸಿದರು. ಬಾಗಿಲ ಕಡೆ ನೋಡಿದರು. "ಹಾಕು. ಆದ್ರೆ 'ಸಹಾಯಕ' ತೆಗೀಬೇಡ, ಸುಳ್ಳು ಜಾಸ್ತಿ ಆಗ್ಬಾರ್ದು" ಅಂದರು. ಹೀಗೆ ನಮ್ಮ ಭಾವ ಒಂದು ಬೆರಳಿನ ಏಟಿಗೆ 'ಸಂಶೋಧಕ ಸಹಾಯಕ'ರಾದರು.

ಮೂರು ತಿಂಗಳು ಉತ್ತರವಿಲ್ಲ. ನಾಲ್ಕನೆಯ ತಿಂಗಳು ಒಂದು ಕಾರ್ಡು ಬಂತು, ಅದೂ ಮನೆ ವಿಳಾಸಕ್ಕೆ. ನಮ್ಮ ಅಂಚೆಯವನಿಗೆ ಒಂದು ಸಿದ್ಧಾಂತವಿತ್ತು: ಕವರು ಒಡೆಯುವುದು ಅಪರಾಧ, ಕಾರ್ಡು ಓದದಿರುವುದು ಮೂರ್ಖತನ. ಆ ದಿನ ಅಂಗಳದಲ್ಲಿ ಅಕ್ಕನ ಜೊತೆ ಪಕ್ಕದ ಮನೆಯ ಪಂಪ್ ಆಪರೇಟರರ ಹೆಂಡತಿಯೂ ಇದ್ದರು. ಅವರಿಗೆ ಇಡೀ ಕ್ವಾರ್ಟರ್ಸು ಇಟ್ಟ ಹೆಸರು ರೇಡಿಯೋ ಆಂಟಿ. ಕಾರಣ ಕೇಳಬೇಡಿ. ಅಂಚೆಯವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಗಂಟಲು ಸರಿಮಾಡಿಕೊಂಡು ಓದಿದ:

"ಮಾನ್ಯರೇ, ನೀವು ಕಳಿಸಿದ್ದು ತಲುಪಿತು. ಕಣ್ಣು ನೋಡಿದ ಕೂಡಲೇ ನನ್ನ ಅನುಮಾನ ನಿಜವಾಯಿತು. ನೀವು ಅಂದುಕೊಂಡದ್ದಲ್ಲ, ಬೇರೆ ಕುಟುಂಬ ಇದೆ. ಇನ್ನು ಹಳೆಯ ಕುಟುಂಬದಲ್ಲಿ ಇಟ್ಟುಕೊಂಡಿರುವುದಕ್ಕೆ ಅರ್ಥವಿಲ್ಲ. ಆದ್ದರಿಂದ ವರ್ಗ ಮಾಡಿದ್ದೇನೆ. ಸದ್ಯದಲ್ಲೇ ನಾನೇ ಅಲ್ಲಿಗೆ ಬರುತ್ತೇನೆ, ಮಿಕ್ಕದ್ದು ಎದುರಿಗೆ."

ಕೆಳಗೆ ಒಬ್ಬ ಹೆಂಗಸಿನ ಸಹಿ.

ಇಲ್ಲಿ ಒಂದು ಮಾತು. ನಮ್ಮ ಕಚೇರಿಯ ಭಾಷೆಯಲ್ಲಿ ಕುಟುಂಬ ಅಂದರೆ ಹೆಂಡತಿ. 'ಕುಟುಂಬಕ್ಕೆ ಹುಷಾರಿಲ್ಲ, ಎರಡು ದಿನ ರಜೆ ಬೇಕು' ಎಂದು ಭಾವ ಬರೆದ ಚೀಟಿಗಳನ್ನು ಎಷ್ಟೋ ಸಲ ನಾನೇ ಸಾಹೇಬರಿಗೆ ಕೊಟ್ಟಿದ್ದೇನೆ. ಅಕ್ಕನಿಗೆ ಗೊತ್ತಿದ್ದ ಕುಟುಂಬ ಅದು, ಗೊತ್ತಿದ್ದ ವರ್ಗ ಟ್ರಂಕು ಕಟ್ಟುವ ವರ್ಗ.

ಮಧ್ಯಾಹ್ನ ಭಾವ, ನಾನು ಊಟಕ್ಕೆ ಬಂದಾಗ ಒಲೆ ಉರಿದಿರಲಿಲ್ಲ. ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ಎಷ್ಟು ದಿನದಿಂದ ನಡೀತಿದೆ ಇದು?"

ಭಾವ ಕಾರ್ಡು ನೋಡಿದರು. ಮುಖ ಊರಗಲವಾಯಿತು. "ಓ, ಬಂತಾ! ಆರು ತಿಂಗಳಾಯ್ತು ಕಣೇ. ನಿಂಗೆ ಅಸಹ್ಯ ಆಗುತ್ತೆ ಅಂತ ಹೇಳ್ಲಿಲ್ಲ."

"ಅಸಹ್ಯ ಆಗ್ದೆ ಇನ್ನೇನಾಗುತ್ತೆ! ಎಲ್ಲಿಟ್ಟಿದೀರಾ?"

"ಇಲ್ಲೇ, ವಾಲ್ವಿನ ರೂಮಲ್ಲಿ. ದಿನಾ ಹೋಗಿ ನೋಡ್ಕೊಂಡು ಬರ್ತೀನಿ. ಬಿಸಿಲು ಆಗಿಬರಲ್ಲ ಪಾಪ, ಕತ್ತಲೇಲೇ ಇಟ್ಟಿದೀನಿ."

ಅಕ್ಕ ಎರಡೂ ಕೈ ತಲೆ ಮೇಲಿಟ್ಟುಕೊಂಡಳು. "ಮಕ್ಕಳೂ ಆಗಿದ್ಯಾ?"

"ಮಕ್ಕಳಾ? ಮೊದ್ಲು ಒಂದೇ ಇತ್ತು. ಈಗ ಹನ್ನೊಂದು!"

ನಾನು ಮಧ್ಯೆ ಬಾಯಿ ಹಾಕಬೇಕಿತ್ತು. ಸತ್ಯ ಹೇಳುತ್ತೇನೆ, ನನಗೆ ನಗು ತಡೆಯಲಾಗದೆ ಬಾಯಿಗೆ ಟವೆಲ್ಲು ತುರುಕಿಕೊಂಡಿದ್ದೆ. ಅಕ್ಕ ಅಳತೊಡಗಿದ ಮೇಲೆ ಓಡಿಹೋಗಿ ಸೀಸೆ ತಂದು ಅವಳ ಮುಂದಿಟ್ಟೆ. ಹನ್ನೊಂದು ಹುಳ ಮೆಳ್ಳೆಗಣ್ಣು ಬಿಟ್ಟುಕೊಂಡು ಅಕ್ಕನನ್ನು ನೋಡಿದವು. ಅಕ್ಕ ಹುಳ ನೋಡಿದಳು, ಕಾರ್ಡು ನೋಡಿದಳು, ಭಾವನನ್ನು ನೋಡಿದಳು.

"ರೀ," ಅಂದಳು ಕಣ್ಣೊರೆಸಿಕೊಂಡು, "ಇದು ನನ್ನ ಸಕ್ಕರೆ ಸೀಸೆ ಅಲ್ವಾ?"

ಆ ದಿನ ಭಾವನಿಗೆ ಬಿದ್ದ ಬೈಗುಳವನ್ನು ನಾನು ಬೇಕೆಂದರೂ ಟೈಪು ಮಾಡಲಾರೆ. ಅಂತೂ ಮನೆಯ ಮಟ್ಟಿಗೆ ಕುಟುಂಬದ ಪ್ರಶ್ನೆ ಇತ್ಯರ್ಥವಾಯಿತು. ಆದರೆ ರೇಡಿಯೋ ಆಂಟಿ ಸೀಸೆ ಬರುವುದಕ್ಕೆ ಮೊದಲೇ ಹೊರಟುಹೋಗಿದ್ದರು. ಕುಟುಂಬದ ಸುದ್ದಿಯನ್ನು ಹೆಂಗಸರಿಗೆ ಹಂಚಿ, ವರ್ಗದ ಸುದ್ದಿಯನ್ನು ಗಂಡನ ಕೈಲಿ ಕಚೇರಿಗೆ ಕಳಿಸಿದರು.

ನಮ್ಮ ಸಾಹೇಬರಿಗೆ ತಮಗೆ ತಿಳಿಯದೆ ಎಲೆ ಅಲುಗಿದರೂ ಅವಮಾನ. ಕೂಡಲೇ ಹೆಡ್ಡಾಫೀಸಿಗೆ ಫೋನು ಮಾಡಿದರು. "ನಮ್ಮ ಶೋಧಕ ಸಹಾಯಕನಿಗೆ ವರ್ಗ ಆಗಿದೆಯಂತೆ? ನನಗೊಂದು ಮಾತು ಹೇಳೋದು ಬೇಡ್ವೇನ್ರೀ?"

ಆ ಕಡೆ ಇದ್ದ ಸೂಪರಿಂಟೆಂಡೆಂಟರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಆ ಕುರ್ಚಿಗೆ ಶೋಭೆಯಲ್ಲ. "ಹೂಂ, ಆಗಿದೆ. ಆರ್ಡರು ದಾರೀಲಿದೆ" ಅಂದರು. ಆಮೇಲೆ ಎರಡು ದಿನ ಆ ಫೈಲು ಹುಡುಕಿಸಿದರಂತೆ. ಕಳೆದುಹೋದ ಫೈಲನ್ನಾದರೂ ಹುಡುಕಬಹುದು, ಇಲ್ಲದ ಫೈಲನ್ನು ಎಲ್ಲಿಂದ ತರುವುದು? ತಮ್ಮ ಕೈಯಲ್ಲೇ ಕಳೆದಿದೆ ಎಂದು ಹೆದರಿ ಹೊಸ ಫೈಲು ಮಾಡಿ, ಹೊಸ ಆರ್ಡರು ಹೊರಡಿಸಿಬಿಟ್ಟರು. ಹತ್ತನೆಯ ದಿನ ಅದು ನನ್ನ ಮೇಜಿಗೇ ಬಂತು. ಭಾವನಿಗೆ ಎಂಟನೆಯ ವರ್ಗ. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು.

ಅಕ್ಕ ಈ ಸಲ ಅಳಲಿಲ್ಲ. ಅಂಗಳಕ್ಕೆ ಹೋಗಿ ಬಟ್ಟೆಯ ಹಗ್ಗ ಬಿಚ್ಚಿದಳು. ಆರು ವರ್ಷದ ಗಂಟು, ಉಗುರಿಗೆ ಬಗ್ಗಲಿಲ್ಲ, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಸುರುಳಿ ಸುತ್ತಿ ಭಾವನ ಕೈಗೆ ಕೊಟ್ಟು, "ನಿಮ್ಮ ಟ್ರಂಕು ನೀವು ಕಟ್ಕೊಳ್ಳಿ. ನಾನು ಬರಲ್ಲ. ಏಳು ಸಲ ಬಂದೆ, ಸಾಕು" ಅಂದಳು. ಅದು ಸಿಟ್ಟಿನ ಮಾತಾಗಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ.

ಭಾವ ಹಗ್ಗ ಹಿಡಿದುಕೊಂಡೇ ಸಾಹೇಬರ ಕೋಣೆಗೆ ನುಗ್ಗಿದರು. ಹಿಂದೆ ನಾನು.

"ಸಾರ್, ವರ್ಗ ಆಗಿರೋದು ನನಗಲ್ಲ. ಹುಳಕ್ಕೆ."

"ಯಾವ ಹುಳ?"

"ನಮ್ಮ ನೀರಲ್ಲಿರೋ ಹುಳ ಸಾರ್."

ಸಾಹೇಬರು ಬಾಯಿಗೆ ಹಿಡಿದಿದ್ದ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ನಾನು ಈಗ ಕುಡಿದ ನೀರಲ್ಲಿ?"

"ಎಲ್ಲಾ ನೀರಲ್ಲೂ ಬರಲ್ಲ ಸಾರ್, ಅದೃಷ್ಟ ಇದ್ರೆ..."

"ಬಾಯಿ ಮುಚ್ರೀ! ಊರು ಕುಡಿಯೋ ನೀರಲ್ಲಿ ಹುಳ ಅಂತ ಹೊರಗೆ ಗೊತ್ತಾದ್ರೆ ನಿಮಗಲ್ಲ, ನನಗೇ ವರ್ಗ. ಅರ್ಜಿ ಕೊಡಿ, ಕಳಿಸ್ತೀನಿ. ಹುಳ ಅನ್ನೋ ಪದ ಎಲ್ಲೂ ಬರಕೂಡ್ದು!"

ಹುಳ ಅನ್ನದೆ ಹುಳದ ವಿಷಯ ಬರೆಯುವುದು ಹೇಗೆ? ನಾನು ಮೂರು ಸಲ ಹರಿದು, ನಾಲ್ಕನೆಯ ಸಲ ಹೀಗೆ ಟೈಪು ಮಾಡಿದೆ: 'ಸದರಿ ವರ್ಗಾವಣೆಯು ಈ ನೌಕರರಿಗೆ ಸಂಬಂಧಿಸಿದ್ದಲ್ಲ, ಅವರ ಕೈಕೆಳಗಿರುವ ಬೇರೊಬ್ಬರಿಗೆ ಸಂಬಂಧಿಸಿದ್ದು.' ವಾರದಲ್ಲಿ ಉತ್ತರ ಬಂತು: 'ಸದರಿ ಬೇರೊಬ್ಬರ ಹುದ್ದೆ, ಸೇವೆಗೆ ಸೇರಿದ ದಿನಾಂಕ ಹಾಗೂ ಕುಟುಂಬದ ವಿವರಗಳನ್ನು ಕೂಡಲೇ ಒದಗಿಸತಕ್ಕದ್ದು.'

ಅದನ್ನು ಓದಿ ಭಾವ ಮೊದಲ ಬಾರಿಗೆ ರಿಜಿಸ್ಟರಿನಲ್ಲಿ 'ತಿಳಿಯಾಗಿಲ್ಲ' ಎಂದು ಬರೆದರು. ನಾನು ಅಳಿಸಿದೆ.

ಹದಿಮೂರನೆಯ ದಿನ ಭಾವನ ಜಾಗಕ್ಕೆ ಬರುವವರು ಹೆಂಡತಿ ಸಮೇತ ಮನೆ ನೋಡಲು ಬಂದರು. ಆಕೆ ಪರದೆಗೆ ಕಿಟಕಿ ಅಳೆಯುತ್ತಿದ್ದರು. ಅಕ್ಕ ಟೀ ಮಾಡಿ ಕೊಟ್ಟಳು. ಬಚ್ಚಲ ನಲ್ಲಿ ಎಡಕ್ಕೆ ತಿರುಗಿಸಬೇಕು, ಹಿಂಬಾಗಿಲು ಎತ್ತಿ ಹಾಕಬೇಕು ಅಂತ ಒಂದೊಂದಾಗಿ ತೋರಿಸಿದಳು. ಆಮೇಲೆ ಕೇಳಿದಳು, "ನಿಮ್ಮದು ಎಷ್ಟನೇದು?"

"ಐದನೇದು," ಅಂದರು ಆಕೆ. ಟೇಪು ಕೆಳಗಿಟ್ಟು, "ಹೋದ ತಿಂಗಳಷ್ಟೇ ಅಲ್ಲಿ ಹೊಸ ಪರದೆ ಹಾಕಿದ್ದೆ" ಎಂದು ಬಿಕ್ಕಿದರು. ಅಕ್ಕ ಟೇಪು ಎತ್ತಿ ಒಂದು ತುದಿ ತಾನು ಹಿಡಿದಳು.

ಆಗಲೇ ಹೊರಗೆ ರೇಡಿಯೋ ಆಂಟಿಯ ಧ್ವನಿ ಪಂಪನ್ನೂ ಮೀರಿ ಕೇಳಿಸಿತು. "ಬಂದ್ಲು! ಆ ಇನ್ನೊಂದು ಕುಟುಂಬ ಬಂದ್ಲು!"

ಇಡೀ ಕ್ವಾರ್ಟರ್ಸು ಹೊರಗೆ ಬಂತು. ಗೇಟಿನಿಂದ ಬರುತ್ತಿದ್ದವರಿಗೆ ಅರವತ್ತರ ಮೇಲೆ ವಯಸ್ಸು. ದಪ್ಪ ಕನ್ನಡಕ, ಹೆಗಲಲ್ಲಿ ಚೀಲ, ಕೈಯಲ್ಲಿ ಟೀ ಸೋಸುವ ಜಾಲರಿ. ಯಾರನ್ನೂ ನೋಡದೆ ನೇರ ಕಾಲುವೆಗೆ ಹೋಗಿ, ಮಂಡಿಯೂರಿ, ಒಂದು ಕಲ್ಲು ಮಗುಚಿ, "ಅಯ್ಯೋ, ಎಷ್ಟೊಂದು ಇದೀರೋ!" ಎಂದು ಹುಳಗಳನ್ನು ಮಾತಾಡಿಸಿದರು.

ರೇಡಿಯೋ ಆಂಟಿ ಧೈರ್ಯ ಮಾಡಿ ಹತ್ತಿರ ಹೋದರು. "ಬೇರೆ ಕುಟುಂಬ ಅಂದ್ರೆ ನೀವೇನಾ?"

"ನಾನು ಮದುವೇನೇ ಆಗಿಲ್ಲಮ್ಮಾ, ಪುರುಸೊತ್ತಾಗ್ಲಿಲ್ಲ. ಕುಟುಂಬ ಅಂದಿದ್ದು ಈ ಹುಳದ್ದು." ರೇಡಿಯೋ ಆಂಟಿ ಅಷ್ಟು ನಿರಾಶರಾದದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ.

ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಓಡಿಬಂದರು. "ಮೇಡಂ, ಸ್ವಲ್ಪ ಮೆತ್ತಗೆ... ಹುಳ ಅಂತ ಜೋರಾಗಿ ಅನ್ಬೇಡಿ."

"ಯಾಕೆ ಅನ್ಬಾರ್ದು? ಇದು ಕೊಳಕು ನೀರಲ್ಲಿ ಒಂದು ದಿನಾನೂ ಬದುಕಲ್ಲ. ನಾನು ಹನ್ನೆರಡು ಊರಿನ ತೊಟ್ಟಿ ನೋಡಿದೀನಿ, ಎಲ್ಲೂ ಇಲ್ಲ. ಇಲ್ಲಿದೆ ಅಂದ್ರೆ ನಿಮ್ಮ ನೀರು ಅಷ್ಟು ಚೆನ್ನಾಗಿದೆ ಅಂತ ಅರ್ಥ. ಈ ತೊಟ್ಟಿ ನೋಡ್ಕೊಳ್ಳೋರು ಯಾರು?"

ಸಾಹೇಬರ ಬೆನ್ನು ನೆಟ್ಟಗಾಯಿತು. "ನಾನೇ" ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಪ್ರೊಫೆಸರು, "ಆ ಸಂಶೋಧಕರನ್ನ ಕರೀರಿ" ಅಂದರು.

ಭಾವ ಗುಂಪಿನ ಹಿಂದಿನಿಂದ ಬಂದರು. ಪ್ಯಾಂಟಿನ ಕಾಲು ಮಂಡಿವರೆಗೆ ಮಡಚಿತ್ತು, ಕೈಯಲ್ಲಿ ಪಾಚಿ ಕೆರೆಯುವ ಕೋಲು. "ತಪ್ಪಾಯ್ತಮ್ಮ. ನಾನು ಬರೀ ಶೋಧಕ ಸಹಾಯಕ. ಆ 'ಸಂ' ನಂದಲ್ಲ, ಈ ನನ್ನ ಭಾಮೈದ ಹಾಕಿದ್ದು. ಹಾಕು ಅಂದಿದ್ದು ಮಾತ್ರ ನಾನೇ."

ಪ್ರೊಫೆಸರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಾನು ನಲವತ್ತು ವರ್ಷದಿಂದ ಈ ಹುಳಗಳ ಹಿಂದೆ ಬಿದ್ದಿದೀನಿ. ಎರಡು ಸಲ ಇಡೀ ಕುಟುಂಬಾನೇ ತಪ್ಪು ಬರೆದಿದೀನಿ. ನಿಮ್ಮದು ಒಂದಕ್ಷರ ತಾನೇ? ಇರ್ಲಿ, ಇಟ್ಕೊಳ್ಳಿ. ಆದ್ರೆ ಇಲ್ಲಿಂದ ಕದಲಬೇಡಿ, ನೀವು ಹೋದ್ರೆ ಇವು ಉಳಿಯಲ್ಲ."

"ಅದೇ ತೊಂದ್ರೆ," ಅಂದಳು ಅಕ್ಕ ಮುಂದೆ ಬಂದು. "ಹುಳಕ್ಕೆ ಮಾಡಿದ ವರ್ಗ ಇವರ ತಲೆ ಮೇಲೆ ಬಿತ್ತು."

ವಿಷಯ ಕೇಳಿ ಪ್ರೊಫೆಸರು ನಕ್ಕು ನಕ್ಕು ಕಾಲುವೆ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ನನ್ನ ಮೇಜಿನ ಮುಂದೆ ಕೂತು ಹೆಡ್ಡಾಫೀಸಿಗೆ ಎರಡು ಪುಟದ ಕಾಗದ ಬರೆಸಿದರು. ಸಾಹೇಬರು, 'ನಮ್ಮ ನೀರು ಹುಳುಗಳಿಂದಲೇ ಪ್ರಮಾಣೀಕೃತ' ಎಂಬ ಒಂದು ಸಾಲು ತಾವಾಗಿ ಸೇರಿಸಿ ಸಹಿ ಹಾಕಿದರು. ಉತ್ತರ ಬರುವವರೆಗೆ ಮನೆ ಖಾಲಿ ಮಾಡುವುದನ್ನು ತಡೆದರು. ಆರ್ಡರು ಬಂತು: 'ನೌಕರರ ವರ್ಗಾವಣೆಯನ್ನು ರದ್ದುಪಡಿಸಿದೆ. ಸದರಿ ಹುಳುವಿನ ವರ್ಗಾವಣೆ ಮಾತ್ರ ಊರ್ಜಿತದಲ್ಲಿರತಕ್ಕದ್ದು.' ಐದನೆಯ ವರ್ಗದ ದಂಪತಿ ತಮ್ಮ ಹೊಸ ಪರದೆಯ ಮನೆಗೆ ವಾಪಸು ಹೋದರು. ಅಕ್ಕ ಅಂಗಳದಲ್ಲಿ ಹಗ್ಗ ಕಟ್ಟಿದಳು, ಈ ಸಲ ಮೂರು ಗಂಟು.

ಅಲ್ಲಿ ಭಾವ ನಿವೃತ್ತರಾಗುವವರೆಗೆ ಇದ್ದರು. ಪ್ರೊಫೆಸರು ವರ್ಷಕ್ಕೊಮ್ಮೆ ಬಂದು, ಹುಳ ನೋಡಿ, ಅಕ್ಕನ ಕೈಯ ಊಟ ಮಾಡಿ ಹೋಗುತ್ತಿದ್ದರು. ಈಗ ಆ ತೊಟ್ಟಿಗಳಿಲ್ಲ, ಯಂತ್ರ ಬಂದಿದೆ. ಕ್ವಾರ್ಟರ್ಸಿನ ಜಾಗದಲ್ಲಿ ಪೈಪುಗಳ ರಾಶಿ. ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನ ಹೆಂಡತಿಯ ಜೊತೆ ಸೇರಿ ನನ್ನನ್ನು ಬೈಯುತ್ತಾಳೆ. ಭಾವ ಹೋಗಿ ನಾಲ್ಕು ವರ್ಷವಾಯಿತು. ಹೋದ ದಿನ ಅಕ್ಕ ನನ್ನ ಕೈ ಹಿಡಿದುಕೊಂಡು, "ಇದೊಂದು ಆರ್ಡರು ರದ್ದು ಮಾಡ್ಸೋಕೆ ಆಗ್ಲಿಲ್ಲ ನೋಡೋ" ಅಂದಳು, ಅಷ್ಟೇ.

ಹೋದ ವಾರ ಭಾವನ ಹೆಸರಿಗೆ ಒಂದು ಕವರು ಬಂತು. ಪ್ರೊಫೆಸರ ಶಿಷ್ಯರು ಯಾರೋ ಕಳಿಸಿದ್ದು. ಮೇಲೆ 'ಸಂಶೋಧಕ ಸಹಾಯಕರು' ಅಂತ ಚೆಂದವಾಗಿ ಬರೆದಿತ್ತು. ಹೊಸ ಥರದ ಪರೀಕ್ಷೆಗಳು ಬಂದಿವೆಯಂತೆ. ಹುಳವನ್ನು ಮತ್ತೆ ಪರೀಕ್ಷಿಸಿ ನೋಡಿದರಂತೆ. ನಾನು ಅಡುಗೆಮನೆಗೆ ಹೋಗಿ ಅಕ್ಕನಿಗೆ ಓದಿ ಹೇಳಿದೆ. ಅವಳು ಟೀಗೆ ಸಕ್ಕರೆ ಹಾಕುತ್ತಿದ್ದಳು, ಅದೇ ಸೀಸೆಯಿಂದ.

"ಹಾಗಂದ್ರೆ?" ಅಂದಳು.

"ಮೊದಲು ಭಾವ ಹೇಳಿದ್ದೇ ಸರಿಯಂತೆ ಅಕ್ಕ. ಹುಳನ ಹಳೇ ಕುಟುಂಬಕ್ಕೇ ವಾಪಸು ವರ್ಗ ಮಾಡಿದಾರಂತೆ."

ಅಕ್ಕ ಸೀಸೆಯ ಮುಚ್ಚಳ ಹಾಕಿ, ಅದನ್ನು ಸೆರಗಿನಿಂದ ಒರೆಸಿದಳು.

"ಇಷ್ಟು ವರ್ಷ ಆದ್ಮೇಲೂ ವಾಪಸು ಬರಬಹುದಾ?"

"ಹುಳಗಳಿಗೆ ಬರಬಹುದಂತೆ."

"ಪುಣ್ಯ ಮಾಡಿದ ಹುಳ ಕಣೋ ಅದು," ಅಂದಳು ಅಕ್ಕ.